ಎಲ್ಲರಿಗೂ ಸಲ್ಲುವ ನಾಲ್ಕು ಸಾಲು

ಅರುಣಕುಮಾರನ ಆ ದಿನದ ಕಷ್ಟಕ್ಕೆಲ್ಲ ಕಾರಣ ಒಂದು ಟಿಕ್ ಗುರುತು. ಜೋಳದ ಕಾಳಿನಷ್ಟೂ ಇರಲಿಲ್ಲ. ಕಂಪ್ಯೂಟರಿನ ಪರದೆಯ ಬಲಗಡೆ, 'ನಿಧನ' ಎಂಬ ಶಬ್ದದ ಮುಂದಿನ ಸಣ್ಣ ಚೌಕದಲ್ಲಿ ಅದು ಕರೆಯದೆ ಬಂದ ಬೀಗರ ಹಾಗೆ ನೆಟ್ಟಗೆ ಕೂತಿತ್ತು.

ಅದನ್ನು ನೋಡಿದ ಕೂಡಲೇ ಅವನು ಕುರ್ಚಿಯಿಂದ ಎದ್ದ.

ಅರುಣಕುಮಾರ ಕಲಬುರಗಿಯ ಭೂತಾಯಿ ತೊಗರಿ ಬೆಳೆಗಾರರ ಸಹಕಾರ ಸಂಘದಲ್ಲಿ ಹಂಗಾಮಿ ಕಂಪ್ಯೂಟರ್ ಆಪರೇಟರ್. ಬಾಗಿಲಿಗೆ ಬೀಗ ಹಾಕಿ, ಅರ್ಧ ದಾರಿ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವ ಮನುಷ್ಯ. ಸಂಘದಲ್ಲಿ ಯಾರಾದರೂ ನಿವೃತ್ತರಾದರೆ ಮಾನಪತ್ರ, ವರ್ಗವಾದರೆ ಬೀಳ್ಕೊಡುಗೆ ಪತ್ರ, ತೀರಿಕೊಂಡರೆ ಶ್ರದ್ಧಾಂಜಲಿ. ಮೂರನ್ನೂ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಮೊದಮೊದಲು ಪ್ರತಿಯೊಂದನ್ನೂ ಹೊಸದಾಗಿ ಬರೆಯುತ್ತಿದ್ದ. ಬರೆಯುತ್ತ ಬರೆಯುತ್ತ ಅವನಿಗೆ ಒಂದು ಸಂಗತಿ ಹೊಳೆಯಿತು. ಮನುಷ್ಯ ನಿವೃತ್ತನಾಗಲಿ, ವರ್ಗವಾಗಲಿ, ತೀರಿಕೊಳ್ಳಲಿ, ಹೊಗಳಿಕೆ ಮಾತ್ರ ಒಂದೇ. ಬೇರೆಯಾಗುವುದು ಮೊದಲಿನ ಸಾಲು ಮತ್ತು ಕೊನೆಯ ಸಾಲು.

ಸೂಪರ್ ಮಾರ್ಕೆಟ್ ಬಳಿಯ ಸಾಯಂಕಾಲದ ಕಂಪ್ಯೂಟರ್ ಕ್ಲಾಸಿನಲ್ಲಿ ಅವನು ಷರತ್ತಿನ ಪಠ್ಯ ಎಂಬ ವಿದ್ಯೆ ಕಲಿತಿದ್ದ. ಎಲ್ಲ ಬಗೆಯ ಸಾಲುಗಳನ್ನೂ ಒಂದೇ ಫೈಲಿನಲ್ಲಿ ಬರೆದಿಡುವುದು. ಯಾವ ಸಾಲು ಯಾವ ಸಂದರ್ಭಕ್ಕೆ ಎಂದು ಹೆಸರು ಕೊಡುವುದು. ಬೇಕಾದ ಹೆಸರಿಗೆ ಟಿಕ್ ಹಾಕಿದರೆ ಆ ಸಾಲುಗಳು ಕಾಣುತ್ತವೆ. ತೆಗೆದರೆ ಅಡಗಿಕೊಳ್ಳುತ್ತವೆ, ಅಳಿಯುವುದಿಲ್ಲ. ನಿವೃತ್ತಿಯ ಸಾಲುಗಳಿಗೆ ಹಸಿರು ಬಣ್ಣ, ವರ್ಗಾವಣೆಗೆ ನೀಲಿ, ನಿಧನಕ್ಕೆ ಕೆಂಪು. ಈ ಬಣ್ಣ ಪರದೆಯ ಮೇಲಷ್ಟೇ. ಪ್ರಿಂಟಿನಲ್ಲಿ ಎಲ್ಲವೂ ಕಪ್ಪು. ನಡುವೆ ಯಾವ ಷರತ್ತೂ ಇಲ್ಲದ ನಾಲ್ಕು ಸಾಲು ಇದ್ದವು, ಎಲ್ಲರಿಗೂ ಸಲ್ಲುವಂಥವು:

'ಶುದ್ಧ ಹಸ್ತ, ಮೃದು ಮಾತು ಇವರ ಆಸ್ತಿ. ವೇಳೆಗೆ ಮೊದಲೇ ಬಂದು ಎಲ್ಲರೂ ಹೋದ ಮೇಲೆ ಹೋಗುವವರು. ಸಂಘದ ಒಂದು ಕಾಳು ತೊಗರಿಯನ್ನೂ ತಮ್ಮದೆಂದು ಬಗೆದವರಲ್ಲ. ತಮಗಾಗಿ ಎಂದೂ ಏನನ್ನೂ ಕೇಳಿದವರಲ್ಲ.'

ಇವತ್ತು ಕಮಲಾಪುರ ಶಾಖೆಯ ಮ್ಯಾನೇಜರ್ ವೇದವ್ಯಾಸರಾಯರ ನಿವೃತ್ತಿ ಸಮಾರಂಭ. ಅವರ ಮಾನಪತ್ರದ ಪ್ರಿಂಟು ನಿನ್ನೆ ಸಂಜೆಯೇ ಫ್ರೇಮಿನ ಅಂಗಡಿಗೆ ಹೋಗಿಯಾಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದ ಅರುಣಕುಮಾರ, ಬೀಗ ಜಗ್ಗಿ ನೋಡುವವನಂತೆ, ಫೈಲನ್ನು ಇನ್ನೊಮ್ಮೆ ತೆರೆದ. ಹಸಿರಿಗೂ ಟಿಕ್ ಇತ್ತು, ಕೆಂಪಿಗೂ ಟಿಕ್ ಇತ್ತು. ಪರದೆಯ ಮೇಲೆ ಹೀಗಿತ್ತು:

'ಶ್ರೀ ವೇದವ್ಯಾಸರಾಯರು ಇಂದು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರೊಡನೆ ದುಡಿದದ್ದು ನಮ್ಮೆಲ್ಲರ ಭಾಗ್ಯ. ಅವರನ್ನು ಕಳೆದುಕೊಂಡ ಸಂಘ ಬಡವಾಗಿದೆ.' ನಡುವೆ ಆ ನಾಲ್ಕು ಸಾಲು. ಕೊನೆಗೆ, 'ಅವರ ಮುಂದಿನ ದಿನಗಳು ಸುಖಕರವಾಗಿರಲಿ. ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ. ಕುಟುಂಬದವರಿಗೆ ಈ ದುಃಖವನ್ನು ತಡೆದುಕೊಳ್ಳುವ ಶಕ್ತಿಯನ್ನು ದೇವರು ಕರುಣಿಸಲಿ.'

ಹೋದ ವಾರ ಸೇಡಂ ಕಡೆಯ ಸದಸ್ಯರೊಬ್ಬರ ಶ್ರದ್ಧಾಂಜಲಿ ಮಾಡಿದ್ದ. ಆಮೇಲೆ ಕೆಂಪು ಟಿಕ್ ತೆಗೆದೆನೇ? ತೆಗೆದೆ ಅನ್ನಿಸಿತು. ತೆಗೆಯಲಿಲ್ಲ ಅಂತಲೂ ಅನ್ನಿಸಿತು. ನಿನ್ನೆ ಸಂಜೆ ಅಧ್ಯಕ್ಷರು ಅವನನ್ನು ಶಾಲು ತರಲು ಮಾರ್ಕೆಟ್ಟಿಗೆ ಅಟ್ಟಿದ್ದರು. "ಎಲ್ಲಾ ಸೆಟ್ ಮಾಡಿಟ್ಟೀನ್ರಿ ಮೇಡಂ, ಪ್ರಿಂಟ್ ಕೊಟ್ಟರ ಸಾಕು," ಎಂದು ಮುಂದಿನ ಮೇಜಿನ ಮುಬಶ್ಶಿರಾಗೆ ಹೇಳಿ ಹೋಗಿದ್ದ. ಆಕೆ ಪ್ರಿಂಟ್ ತೆಗೆದು, ಮನೆಗೆ ಹೋಗುವ ದಾರಿಯಲ್ಲಿ ಮೋಮಿನಪುರದ ಫ್ರೇಮಿನ ಅಂಗಡಿಗೆ ಕೊಟ್ಟಿದ್ದಳು.

ಆಕೆಗೆ ಫೋನ್ ಮಾಡಿ ಕೇಳಿಬಿಡಬಹುದಿತ್ತು. ಕೈಯಲ್ಲಿ ಫೋನನ್ನೂ ಹಿಡಿದ. ಆದರೆ ಕೇಳಿದರೆ ತಪ್ಪನ್ನು ಆಕೆಯ ಮೇಲೆ ಹಾಕಿದಂತಾಗುವುದಿಲ್ಲವೇ? ಪ್ರಿಂಟ್ ತೆಗೆದವಳು ಆಕೆ. ಪಾಪ, ಉಪಕಾರ ಮಾಡಿದವಳು. ಫೋನನ್ನು ಜೇಬಿಗೆ ಹಾಕಿದ. ಕೆಂಪು ಟಿಕ್ ತೆಗೆದು, ಮೂರು ಸಲ ಓದಿ, ಸರಿಯಾದ ಪ್ರಿಂಟೊಂದನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಓಡಿದ.

ಓಡಲಿಕ್ಕೆ ಇನ್ನೊಂದು ಕಾರಣವೂ ಇತ್ತು. ಇದೇ ಸಮಾರಂಭದ ವೇದಿಕೆಯ ಮೇಲೆ ಅರುಣಕುಮಾರನ ನೌಕರಿ ಖಾಯಂ ಎಂದು ಸಾರುವುದಾಗಿ ಅಧ್ಯಕ್ಷ ನಿಂಗಣ್ಣ ಸಾಹುಕಾರರು ಮಾತು ಕೊಟ್ಟಿದ್ದರು.

ಮೋಮಿನಪುರದ ಫ್ರೇಮಿನ ಚಾಚಾ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು.

"ಚಾಚಾ, ನಮ್ಮ ಸಂಘದ ಫ್ರೇಮ್?"

"ಆಗಲೇ ನಿಮ್ಮ ಜೀಪಿನವರು ಒಯ್ದರಲ್ಲ ಬೇಟಾ. ಬಂಗಾರದ ಪಟ್ಟಿ ಹಚ್ಚಿ, ಗಾಜು ಹಾಕಿ, ಚಮಕಿ ಕಾಗದ ಸುತ್ತಿ ಕೊಟ್ಟೀನಿ. ಏಕ್‌ದಂ ಫಸ್ಟ್ ಕ್ಲಾಸ್."

"ಅದರಾಗ ಏನು ಬರೆದಿತ್ತು, ಓದಿದ್ರೇನು?"

ಚಾಚಾ ಚಹಾದ ಬಸಿಯನ್ನು ಕೆಳಗಿಟ್ಟರು. "ನನ್ನ ದುಕಾನಿಗೆ ಬರೋದೆಲ್ಲಾ ಮಂದಿ ತಾರೀಫೇ, ಬರೇ ಹೊಗಳಿಕಿ. ಅದನ್ನೆಲ್ಲಾ ಓದಿಕೋತ ಕುಂತ್ರ, ರಾತ್ರಿ ಮನಿಗೆ ಹೋಗಿ ನಮ್ಮಾಕಿ ಮಾತು ಕೇಳಾಕ ಆಗ್ತದೇನು?"

ಅರುಣಕುಮಾರ ನಡೆದದ್ದನ್ನು ಹೇಳಿದ. ಚಾಚಾ ನಗಲಿಲ್ಲ. ಗಂಭೀರವಾಗಿ ಎದ್ದು ಹೋಗಿ ಒಂದು ಸಣ್ಣ ಇಕ್ಕಳ ತಂದು ಅವನ ಕೈಗಿಟ್ಟರು. "ಹಿಂದ ನಾಲ್ಕು ಮೊಳೆ ಅವ. ಕೀಳು, ಕಾಗದ ಬದಲಿ ಮಾಡು, ಮತ್ತ ಹೊಡಿ. ಗಾಜು ಒಡೀಬ್ಯಾಡ. ಗಾಜು ಒಡೆದ್ರ ಸಮಾರಂಭಕ್ಕ ಚೊಲೊ ಅಲ್ಲ."

ಕಮಲಾಪುರದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಸುರುಳಿ, ಜೇಬಿನಲ್ಲಿ ಇಕ್ಕಳ, ಇನ್ನೊಂದು ಕೈ ಮೇಲಿನ ಸರಳಿಗೆ. ಕುರಿಕೋಟಾ ಸೇತುವೆಯ ಮೇಲೆ ಹೋಗುವಾಗ ಫೋನು ಬಡಿದುಕೊಂಡಿತು. ಶಹಾಬಜಾರದ ಮನೆಯಿಂದ ಅವನ ಅವ್ವ ಮಾಳಮ್ಮ.

"ಅರುಣಾ, ಓಣಿ ಮಂದಿ ಎಲ್ಲಾ ಬಂದು ಕುಂತಾರಪ್ಪ. ಪೇಡೆ ಎಷ್ಟು ತರಿಸಲಿ?"

"ಯವ್ವಾ, ಇನ್ನಾ ಆಗಿಲ್ಲ ಬೇ."

"ಆಗ್ತದಲ್ಲ? ನಾ ಖಾಯಂ ಆಗ್ಯಾದ ಅಂತ ಹೇಳಿಬಿಟ್ಟೀನಿ."

ಬಸ್ಸು ಗುಂಡಿಗೆ ಬಿದ್ದು ಎದ್ದಿತು. ಇಕ್ಕಳ ತೊಡೆಗೆ ಚುಚ್ಚಿತು.

ಕಮಲಾಪುರದಲ್ಲಿ ಸಮಾರಂಭ ಶಾಖೆಯ ಗೋದಾಮಿನೊಳಗೇ ನಡೆಯುವುದಿತ್ತು. ತೊಗರಿ ಚೀಲಗಳನ್ನು ಒಂದು ಗೋಡೆಗೆ ಒಟ್ಟಿ, ಅದರ ಮೇಲೆ ಬಣ್ಣದ ಬಟ್ಟೆ ಇಳಿಬಿಟ್ಟಿದ್ದರು. ವೇದಿಕೆಯ ಪಕ್ಕದ ಮೇಜಿನ ಮೇಲೆ ಚಮಕಿ ಕಾಗದ ಸುತ್ತಿದ ಫ್ರೇಮು ಮಲಗಿತ್ತು. ಸುತ್ತಮುತ್ತ ಯಾರೂ ಇರಲಿಲ್ಲ. ಅರುಣಕುಮಾರ ಮೈಯೆಲ್ಲ ಕಣ್ಣಾಗಿ ಹತ್ತಿರ ಹೋಗಿ, ಫ್ರೇಮನ್ನು ಬೋರಲು ಮಾಡಿ, ಕಾಗದದ ತುದಿ ಬಿಡಿಸಿ, ಇಕ್ಕಳವನ್ನು ಮೊದಲನೆಯ ಮೊಳೆಗೆ ಹಚ್ಚಿದ.

"ಯಾರಾಂವ?"

ಚೀಲಗಳ ಹಿಂದಿನಿಂದ ಕಸ್ತೂರಿಬಾಯಿ ಎದ್ದು ಬಂದರು. ಸಂಘದ ಮಾಜಿ ಡೈರೆಕ್ಟರು. ಮಾತಾಡಿದರೆ ಮೈಕು ನಾಚುವಂಥ ದನಿ. ಹೋದ ವರ್ಷ ಅವರು ನಿವೃತ್ತರಾದಾಗ ಅವರಿಗೂ ಒಂದು ಮಾನಪತ್ರ ಸಂದಿತ್ತು.

"ನಾನ್ರೀ ಆಯಿ, ಅರುಣಕುಮಾರ."

"ಕೈಯಾಗ ಅದೇನು? ಇಕ್ಕಳ? ಹಾಡೇಹಗಲ ಮಾನಪತ್ರದ ಮೊಳಿ ಕೀಳಾಕತ್ತೀಯೇನೋ?"

"ಸಡಿಲ ಆಗ್ಯಾವೇನಂತ ನೋಡಾಕತ್ತಿದ್ದೆ."

"ಸಡಿಲ ಆಗಿದ್ದು ನಿನ್ನ ತಲಿ." ಕಸ್ತೂರಿಬಾಯಿ ಫ್ರೇಮನ್ನು ಅವನ ಕೈಯಿಂದ ಕಸಿದು, ಕುರ್ಚಿಯ ಮೇಲೆ ಕೂತು, ಅದನ್ನು ಬಾಣಂತಿ ಕೂಸನ್ನು ಇಟ್ಟುಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಅವರ ಮುಖ ಮೆತ್ತಗಾಯಿತು. "ನೀ ಬರೆದದ್ದು ನಮ್ಮ ಮನ್ಯಾಗ ಟಿವಿ ಮ್ಯಾಲ ಹಾಕೀನಿ ನೋಡು. ಬಂದವರಿಗೆಲ್ಲಾ ಓದಿ ತೋರಸ್ತೀನಿ. 'ತಮಗಾಗಿ ಎಂದೂ ಏನನ್ನೂ ಕೇಳಿದವರಲ್ಲ.' ಖರೇ ಹೇಳ್ತೀನಿ ತಮ್ಮಾ, ನಮ್ಮ ಮನಿಯವರು ಇಷ್ಟು ವರ್ಷಕ್ಕ ನನ್ನ ಬಗ್ಗೆ ಇಂಥಾ ಒಂದು ಮಾತು ಹೇಳಿಲ್ಲ."

ಅರುಣಕುಮಾರ ಇಕ್ಕಳವನ್ನು ಜೇಬಿಗೆ ಹಾಕಿದ.

ಅಷ್ಟರಲ್ಲಿ ವೇದವ್ಯಾಸರಾಯರ ಹೆಂಡತಿ ಪಾರ್ವತೀಬಾಯಿ ಅವನ ಮುಖ ನೋಡಿ, "ಏನಪಾ, ಹಸಿದು ಬಂದೀಯೇನು? ಮಾರಿ ನೋಡು ಹ್ಯಾಂಗಾಗ್ಯದ," ಎಂದು ಅವನ ಎರಡೂ ಕೈಗೆ ಎರಡು ಕೆಂಪು ಬಾಳೆಹಣ್ಣು ಕೊಟ್ಟರು. ಕಮಲಾಪುರದ ಹಣ್ಣು, ಬೇಡ ಅನ್ನುವಂತಿಲ್ಲ. ಕುಟುಂಬದವರಿಗೆ ದುಃಖ ತಡೆದುಕೊಳ್ಳುವ ಶಕ್ತಿ ಸಿಗಲಿ ಎಂದು ಇನ್ನೇನು ಇದೇ ತಾಯಿಯ ಎದುರಿಗೆ ಮೈಕಿನಲ್ಲಿ ಓದಲಿದ್ದಾರೆ. ಅವರ ಪಕ್ಕದಲ್ಲಿ ಹೊಸ ಧೋತರ ಉಟ್ಟು, ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತ ವೇದವ್ಯಾಸರಾಯರು ನಿಂತಿದ್ದರು. ಜೀವನದಲ್ಲಿ ಒಬ್ಬರಿಗೂ ಕೆಡುಕು ಬಯಸದ ಮನುಷ್ಯ. ಅರುಣಕುಮಾರನಿಗೆ ಹಣ್ಣು ಬಾಯಲ್ಲೇ ಉಳಿಯಿತು.

ಇನ್ನು ಉಳಿದದ್ದು ಒಂದೇ ದಾರಿ. ಅಧ್ಯಕ್ಷರು ಶಾಖೆಯ ಒಳಕೋಣೆಯಲ್ಲಿ ಕೂತು ಪೇಟ ಸುತ್ತಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಮುಬಶ್ಶಿರಾ ಕಾರ್ಯಕ್ರಮದ ಪಟ್ಟಿ ಓದಿ ಹೇಳುತ್ತಿದ್ದಳು. ಅರುಣಕುಮಾರ ಒಳಗೆ ಹೋಗಿ ಕೈಮುಗಿದು ನಿಂತ.

"ಸಾಹೇಬ್ರ, ಒಂದು ತಪ್ಪಾಗ್ಯದ. ನನ್ನಿಂದನೇ ಆಗ್ಯದ."

"ಏನಾಯ್ತಪಾ? ಶಾಲು ಮರೆತಿಯೇನು?"

"ಮಾನಪತ್ರದಾಗ ರಾಯರು ತೀರಿಕೊಂಡಾರ್ರಿ."

ಪೇಟ ಸುತ್ತುತ್ತಿದ್ದವನ ಕೈ ನಿಂತಿತು. ದನಿ ಕೇಳಿ ಕಸ್ತೂರಿಬಾಯಿ ಫ್ರೇಮಿನ ಸಮೇತ ಒಳಗೆ ಬಂದರು. ಅವರ ಹಿಂದೆ ಪಾರ್ವತೀಬಾಯಿ, ಅವರ ಹಿಂದೆ ರಾಯರು, ಅವರ ಹಿಂದೆ ಬಾಗಿಲು ತುಂಬ ಜನ.

ಮುಬಶ್ಶಿರಾ ಬಾಯಿ ತೆರೆದಳು. "ಅರುಣ್ ಭಾಯ್, ಅದು..."

"ನೀವು ಸುಮ್ಮನಿರ್ರಿ ಮೇಡಂ. ನಿಮ್ಮದು ಏನೂ ತಪ್ಪಿಲ್ಲ. ನಾ ಒಪ್ಪಿಕೊಳ್ತೀನಿ."

"ಅರೆ, ನನ್ನ ಮಾತು ಕೇಳ್ರಿ..."

"ಬ್ಯಾಡ್ರಿ! ನನ್ನ ಸಲುವಾಗಿ ನೀವು ಮಾತು ಕೇಳೋದು ಬ್ಯಾಡ."

ಒಪ್ಪಿಕೊಳ್ಳುವುದೆಂದರೆ ಅರ್ಧಕ್ಕೆ ಒಪ್ಪಿಕೊಳ್ಳುವವನಲ್ಲ ಅರುಣಕುಮಾರ. ತಪ್ಪು ಹೇಗಾಯಿತೆಂದು ಎಲ್ಲರಿಗೂ ತಿಳಿಯುವಂತೆ ಮೊದಲಿನಿಂದ ವಿವರಿಸಿದ. ಹೇಳುತ್ತ ಹೇಳುತ್ತ ಅವನ ನಡುಗುವ ದನಿಗೆ ಸ್ವಲ್ಪ ಧೈರ್ಯವೂ ಬಂತು. ಕ್ಲಾಸಿನಲ್ಲಿ ಮಾಸ್ತರರು ಅವನಿಂದಲೇ ಪಾಠ ಹೇಳಿಸಿದ ದಿನ ನೆನಪಾಗಿರಬೇಕು.

"ಎಲ್ಲಾ ಒಂದೇ ಫೈಲಿನಾಗ ಇರ್ತದ್ರಿ. ಹಸಿರು ನಿವೃತ್ತಿಗೆ, ನೀಲಿ ವರ್ಗಾವಣೆಗೆ, ಕೆಂಪು ಸತ್ತವರಿಗೆ. ಟಿಕ್ ಹಾಕಿದ್ರ ಕಾಣಸ್ತದ, ತೆಗೆದ್ರ ಅಡಗ್ತದ. ನಡುವಿನ ನಾಲ್ಕು ಸಾಲು ಮಾತ್ರ ಅಡಗಂಗಿಲ್ರಿ. ಅವು ಎಲ್ಲಾರಿಗೂ."

ರಾಯರು ಹೆಂಡತಿಯ ಕಡೆ ನೋಡಿದರು. ಪಾರ್ವತೀಬಾಯಿ ತಮ್ಮ ಕುಂಕುಮ ಮುಟ್ಟಿ ನೋಡಿಕೊಂಡರು.

"ಬಿಚ್ರಿ ಅದನ್ನ," ಅಂದರು ಅಧ್ಯಕ್ಷರು.

ಕಸ್ತೂರಿಬಾಯಿ ಚಮಕಿ ಕಾಗದ ಹರಿದರು. ಮುಬಶ್ಶಿರಾ ಮುಂದೆ ಬಂದು ಗಟ್ಟಿಯಾಗಿ ಓದಿದಳು. 'ಶ್ರೀ ವೇದವ್ಯಾಸರಾಯರು ಇಂದು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರೊಡನೆ ದುಡಿದದ್ದು ನಮ್ಮೆಲ್ಲರ ಭಾಗ್ಯ.' ಆಮೇಲೆ ಆ ನಾಲ್ಕು ಸಾಲು. 'ಅವರ ಮುಂದಿನ ದಿನಗಳು ಸುಖಕರವಾಗಿರಲಿ.' ಅಲ್ಲಿಗೆ ಮುಗಿಯಿತು. ಆತ್ಮವಿಲ್ಲ, ಚಿರಶಾಂತಿಯಿಲ್ಲ. ರಾಯರು ಬದುಕಿದ್ದರು.

"ಅದನ್ನೇ ಹೇಳಾಕ ಬಂದಿದ್ದೆ," ಅಂದಳು ಮುಬಶ್ಶಿರಾ ಮೆಲ್ಲಗೆ. "ನಿನ್ನೆ ಪ್ರಿಂಟ್ ತೆಗೆದ ಮ್ಯಾಗ ಆಳಂದದಿಂದ ಫೋನ್ ಬಂತು, ಅಲ್ಲಿ ಸದಸ್ಯರೊಬ್ಬರು ಹೋಗಿಬಿಟ್ರಂತ. ಅವರ ಶ್ರದ್ಧಾಂಜಲಿಗೆ ಕೆಂಪು ಟಿಕ್ ನಾನೇ ಹಾಕಿದ್ದೆ. ಹೆಸರು, ಹಸಿರು ಟಿಕ್ ಬದಲಿ ಮಾಡೂ ಮೊದಲೇ ಹೊತ್ತಾಯ್ತಂತ ಹಂಗೇ ಬಿಟ್ಟು ಮನಿಗೆ ಹೋದೆ."

ಅರುಣಕುಮಾರನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೇ ಬಂತು. ಮುಗಿದ ಕೈಯನ್ನು ಕೆಳಗಿಳಿಸಿ, ಎಲ್ಲರ ಮುಖವನ್ನೂ ಸಂತೋಷದಿಂದ ನೋಡಿದ. ಸಂತೋಷದ ಮುಖ ಇನ್ನೊಂದೂ ಕಾಣಲಿಲ್ಲ.

"ಎಲ್ಲಾರಿಗೂ ಅಂದ್ರ?" ಕಸ್ತೂರಿಬಾಯಿ ಕೇಳಿದರು. "ನನಗ ಬರೆದದ್ದು?"

"ಅದರಾಗಿಂದೇ ರೀ ಆಯಿ."

"ನನ್ನ ಬಗ್ಗೆ ವಿಚಾರ ಮಾಡಿ ಬರೆದದ್ದಲ್ಲ?"

"ಒಂದು ಸಲ ವಿಚಾರ ಮಾಡಿ ಬರೆದಿದ್ದೆ. ಆವಾಗ ನೀವು ನನ್ನ ತಲ್ಯಾಗ ಇರಲಿಲ್ರಿ."

ಅಧ್ಯಕ್ಷರು ಅರ್ಧ ಸುತ್ತಿದ ಪೇಟವನ್ನು ಹಾಗೇ ಹಿಡಿದುಕೊಂಡು ಎದ್ದು ನಿಂತರು. "ತೂಕದಾಗ ಮೋಸ ಮಾಡಿದ ಅಂತ ಒಬ್ಬನ್ನ ಚಿತ್ತಾಪುರಕ್ಕ ವರ್ಗಾ ಮಾಡಿ ಒಗದೀವಲ್ಲ. ಅವನಿಗೂ ಶುದ್ಧ ಹಸ್ತ? ಒಂದು ಕಾಳು ತೊಗರಿ?"

"ನೀಲಿ ಟಿಕ್ ಹಾಕಿದ್ದೆ ರೀ. ನಡುವಿಂದು ತಾನೇ ಬಂತು."

"ಮತ್ತ ನಮ್ಮಪ್ಪನ ಶ್ರದ್ಧಾಂಜಲಿ?"

ನಿಂಗಣ್ಣ ಸಾಹುಕಾರರ ತಂದೆ ಈ ಚಳಿಗಾಲದಲ್ಲಿ ಹೋಗಿದ್ದರು. ಅವರು ಹೊಲದಲ್ಲಿ ನಿಂತು ಬೈದರೆ ಆಚೆ ಊರಿನ ಎತ್ತುಗಳು ನಿಲ್ಲುತ್ತಿದ್ದವೆಂದು ಜನ ಇವತ್ತಿಗೂ ಹೇಳುತ್ತಾರೆ. ಶ್ರದ್ಧಾಂಜಲಿಯಲ್ಲಿ 'ಮೃದು ಮಾತು ಇವರ ಆಸ್ತಿ' ಎಂದು ಓದಿದಾಗ ಸಾಹುಕಾರರು ಬಿಕ್ಕಿ ಬಿಕ್ಕಿ ಅತ್ತಿದ್ದರು. ಅಪ್ಪನನ್ನು ಹೊರಗಿನವರೊಬ್ಬರಾದರೂ ಸರಿಯಾಗಿ ಅರ್ಥ ಮಾಡಿಕೊಂಡರಲ್ಲ ಎಂದು ಅದಕ್ಕೆ ಕಟ್ಟು ಹಾಕಿಸಿ, ಫೋಟೋದ ಪಕ್ಕದಲ್ಲಿಟ್ಟು, ದಿನಾ ದೀಪ ಹಚ್ಚುತ್ತಿದ್ದರು.

"ದಿನಾ ದೀಪ ಹಚ್ಚೀನಲ್ಲೋ," ಅಂದರು ಅವರು. ಬೈಯಲಿಲ್ಲ. ಬೈದಿದ್ದರೆ ಅರುಣಕುಮಾರನಿಗೆ ಹಗುರಾಗುತ್ತಿತ್ತು.

ಸಮಾರಂಭ ನಡೆಯಲೇಬೇಕಿತ್ತು, ನಡೆಯಿತು. ಆದರೆ ಅಷ್ಟರಲ್ಲಿ ಸುದ್ದಿ ಗೋದಾಮಿನ ಕೊನೆಯ ಸಾಲಿನ ತನಕ ಹೋಗಿತ್ತು. ಮಾನಪತ್ರ ಓದುವಾಗ 'ಶುದ್ಧ ಹಸ್ತ' ಎಂದ ಕೂಡಲೇ ಹಿಂದಿನಿಂದ ಯಾರೋ 'ಮೃದು ಮಾತು' ಎಂದು ಸೇರಿಸಿದರು. ಖಾಯಂ ಮಾಡುವ ವಿಷಯವನ್ನು ಅಧ್ಯಕ್ಷರು ತಮ್ಮ ಭಾಷಣದಲ್ಲಿ ಎತ್ತಲಿಲ್ಲ. ಅರುಣಕುಮಾರ ಚೀಲಗಳಿಗೆ ಆತು ನಿಂತು, ಅವರ ತುಟಿಯನ್ನೇ ನೋಡುತ್ತಿದ್ದ.

ಕೊನೆಗೆ ವೇದವ್ಯಾಸರಾಯರು ಉತ್ತರ ಕೊಡಲು ಎದ್ದರು. ಎರಡೂ ಕೈಯಿಂದ ಮೈಕು ಹಿಡಿದು ನಿಧಾನವಾಗಿ ಮಾತಾಡಿದರು.

"ನಾ ಇನ್ನ ಹೋಗಾಂವ. ಹೋಗೂ ಮುಂದ ಒಂದು ಮಾತು ಹೇಳೂದದ. ಸಂಘದಾಗ ಒಬ್ಬ ಹುಡುಗ ಹಂಗಾಮಿ ಅಂತ ಕೆಲಸ ಮಾಡ್ಲಿಕತ್ತಾನ. ಅರುಣಕುಮಾರ. ಅವನ ಕೈ ಶುದ್ಧ ಅದ..."

ಗೋದಾಮಿನ ಮೂಲೆಯಲ್ಲಿ ಒಂದು ನಗು ಸಿಡಿಯಿತು.

ರಾಯರು ನಿಲ್ಲಲಿಲ್ಲ. ಅವರಿಗೆ ಹೇಳಬೇಕಾದದ್ದು ಅದೇ ಆಗಿತ್ತು. "ಮಾತು ಮೃದು ಅದ. ಎಲ್ಲಾರಕಿಂತ ಮೊದಲ ಬರ್ತಾನ, ಎಲ್ಲಾರೂ ಹೋದ ಮ್ಯಾಲ ಹೋಗ್ತಾನ..."

ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಕಸ್ತೂರಿಬಾಯಿಯ ನಗು ಎಲ್ಲಕ್ಕಿಂತ ಮೇಲಿತ್ತು. ಅಧ್ಯಕ್ಷರು ಕೂಡ, ಅಷ್ಟು ಹೊತ್ತೂ ಗಂಟಿಕ್ಕಿದ್ದ ಮುಖ ಬಿಚ್ಚಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಯರು ಇಷ್ಟು ಚೆಂದ ಚೇಷ್ಟೆ ಮಾಡುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

"ತನಗಂತ ಏನೂ ಕೇಳಿಲ್ಲ," ಎಂದು ಮುಗಿಸಿ, ಚಪ್ಪಾಳೆಯ ನಡುವೆ ರಾಯರು ಕೂತರು. ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ ಅವರ ಮುಖದಲ್ಲಿತ್ತು. ಅಲ್ಲಿ ನಗದೆ ಇದ್ದವರು ಇಬ್ಬರೇ, ಹೇಳಿದವರು ಮತ್ತು ಹೇಳಿಸಿಕೊಂಡವನು.

ಊಟವಾದ ಮೇಲೆ ಅಧ್ಯಕ್ಷರು ಅವನನ್ನು ಜೀಪಿನ ಬಳಿ ಕರೆದರು.

"ನೋಡಪಾ, ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ. ಸಿಟ್ಟಿತ್ತು, ನಕ್ಕ ಮ್ಯಾಲ ಹೋಯ್ತು. ಆದರ ನಿನ್ನ ಖಾಯಂ ಮಾಡಬೇಕಂದ್ರ ಬೋರ್ಡಿನ ಮುಂದ ಠರಾವು ಇಡಬೇಕು. ಏನಂತ ಇಡ್ಲಿ? ಕೈ ಶುದ್ಧ ಅದ ಅಂದ್ರ ನಗ್ತಾರ. ಮೊದಲ ಬರ್ತಾನ ಅಂದ್ರ ನಗ್ತಾರ. ಅರ್ಧ ಮಂದಿ ಮನ್ಯಾಗ ಅದೇ ಫ್ರೇಮ್ ಅದ."

"ಆದರ ಸಾಹೇಬ್ರ, ನನ್ನ ವಿಷಯದಾಗ ಅದು..." ಖರೇ ಅದ ಎಂದು ಹೇಳಲು ಹೋಗಿ ಅರುಣಕುಮಾರ ನುಂಗಿಕೊಂಡ.

"ಹೊಸಾ ಮಾತು ಏನರೆ ಬರಕೊಂಡು ಬಾ. ಸಿಕ್ಕ ದಿನ ನೋಡೋಣು. ಅಲ್ಲೀ ತನಕ ಹಿಂಗೇ ನಡೀಲಿ."

ಜೀಪು ತುಂಬಿತ್ತು. ಅರುಣಕುಮಾರನೂ ಮುಬಶ್ಶಿರಾಳೂ ಬಸ್ಸಿಗೆ ಹತ್ತಿದರು. ಈ ಸಲ ಸೀಟು ಸಿಕ್ಕಿತು. ಬಗಲಲ್ಲಿದ್ದ ಸುರುಳಿಯ ಹಿಂಬದಿಯನ್ನು ತೊಡೆಯ ಮೇಲೆ ಹರವಿ, ಪೆನ್ನು ತೆಗೆದು, ತನ್ನ ಬಗ್ಗೆ ಒಂದು ಸಾಲು ಬರೆಯಲು ಕೂತ. ಮಹಾಗಾಂವ ಕ್ರಾಸ್ ದಾಟಿದರೂ ಕಾಗದ ಖಾಲಿ ಇತ್ತು. ಹೊಳೆದದ್ದೆಲ್ಲ ಫೈಲಿನಲ್ಲಿ ಇದ್ದದ್ದೇ.

"ಸುಳ್ಳು ಹೇಳಂಗಿಲ್ಲ ಅಂತ ಬರೀರಿ," ಅಂದಳು ಮುಬಶ್ಶಿರಾ ಮುಂದಿನ ಸೀಟಿನಿಂದ ತಿರುಗಿ.

"ಅದರಿಂದಲೇ ಇಷ್ಟೆಲ್ಲಾ ಆಯ್ತಲ್ರಿ."

"ತಪ್ಪು ಒಪ್ಪಿಕೊಳ್ತೀರಿ ಅಂತ?"

"ಆಗದ ತಪ್ಪನ್ನೂ ಒಪ್ಪಿಕೊಂಡೆನಲ್ರಿ ಮೇಡಂ."

ಮುಬಶ್ಶಿರಾ ಯೋಚಿಸಿದಳು. "ಅದು ಫೈಲಿನಾಗ ಇಲ್ಲ ನೋಡ್ರಿ. ಬರೀರಿ."

ಬಸ್ಸಿನ ಕುಲುಕಾಟದಲ್ಲೂ ಅಕ್ಷರ ಸೊಟ್ಟಾಗದಂತೆ ಅವನು ಬರೆದ: 'ಮಾಡದ ತಪ್ಪನ್ನೂ ಒಪ್ಪಿಕೊಳ್ಳುವ ಮನುಷ್ಯ.' ಬರೆದು ಎರಡು ಸಲ ಓದಿದ. ಹೊಸ ಮಾತು, ಅದರಲ್ಲಿ ಅನುಮಾನವಿರಲಿಲ್ಲ. ಊರಿನಲ್ಲಿ ಬೇರೆ ಯಾರಿಗೂ ಸಲ್ಲುವಂಥದ್ದಾಗಿರಲಿಲ್ಲ. ಅಂಥವನನ್ನು ಯಾವ ಬೋರ್ಡೂ ಖಾಯಂ ಮಾಡುವಂತಿರಲಿಲ್ಲ.